ಸದ್ಯ ಬಾಣಂತಿ, ತೊಂದರೆ ಕೊಡಬಾರದು

ಗೋಕುಲ ರಸ್ತೆ, ಹುಬ್ಬಳ್ಳಿ
೧೬ ಜೂನ್ ೨೦೨೫

ಡೋರಾ ಬಾಯಿಯವರಿಗೆ ಸುರಭಿಯ ನಮಸ್ಕಾರ.

ಫೋನು ಬಿಟ್ಟು ಕಾಗದ ಬಂತಲ್ಲ ಎಂದು ಗಾಬರಿಯಾಗಬೇಡಿ, ನಾವೆಲ್ಲ ಆರಾಮ ಇದ್ದೇವೆ. ಕೂಸಿಗೆ ಇಂದಿಗೆ ಹದಿನೆಂಟು ದಿನ. ನನ್ನ ಮೊಬೈಲು ಅಜ್ಜಿಯ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿದೆ. ಬಾಣಂತಿ ಅದನ್ನು ನೋಡಿದರೆ ಕಣ್ಣು ಕೆಡುತ್ತವಂತೆ, ಸವಾ ತಿಂಗಳು ಕೈಗೆ ಕೊಡುವುದಿಲ್ಲವಂತೆ. ಓದುವುದೂ ಬರೆಯುವುದೂ ಬೇಡ ಎಂದಿದ್ದಳು. ಇದು ಶಾಲೆಯ ಕೆಲಸ ಅಂದದ್ದಕ್ಕೆ ದಿನಕ್ಕೆ ಹತ್ತು ನಿಮಿಷ ಮಂಜೂರಾಗಿದೆ. ನೀವು ಲಕ್ಷ್ಮೀಬಾಯಿ ಅಜ್ಜಿಯನ್ನು ಕಂಡಿಲ್ಲ. ಪರೀಕ್ಷೆಯಲ್ಲಿ ನೀವು ಪೇಪರು ಕಸಿದುಕೊಳ್ಳುತ್ತಿದ್ದಿರಲ್ಲ, ಅದಕ್ಕಿಂತ ಕಡಕ್ಕು. ಈ ಪತ್ರ ಮೂರು ದಿನದ್ದು.

ಕಿವಿಗೆ ಸ್ಕಾರ್ಫು, ಕಿಟಕಿಗೆ ಪರದೆ, ಊಟಕ್ಕೆ ಸಜ್ಜಕ ಮತ್ತು ಅಂಟಿನ ಉಂಡಿ. ಆದರೆ ಅಜ್ಜಿಯ ಕಾಯಿದೆಯಲ್ಲಿ ಒಂದು ಸಡಿಲು ಸಿಕ್ಕಿದೆ: ಕೂಸು ನೋಡಲು ಬರುವ ಹೆಣ್ಣುಮಕ್ಕಳನ್ನು ಬೇಡ ಅನ್ನುವಂತಿಲ್ಲ. ನಮ್ಮ ಎರಡನೇ ಶನಿವಾರದ ಬಳಗ ನೆನಪಿದೆಯಲ್ಲ? ಆರು ಶಾಲೆಗಳ ಶಿಕ್ಷಕಿಯರು, ಮೂರು ವರ್ಷದಿಂದ ನಾನು ಕೂಡಿಸುತ್ತಿದ್ದೆ. ನಾನು ಹಡೆಯಲು ಬಂದೆ, ಇನ್ನು ಅದು ಮುರಿಯಿತು ಎಂದುಕೊಂಡಿದ್ದೆ. ಮೊನ್ನೆ ಶನಿವಾರ ಹನ್ನೊಂದು ಮಂದಿ ಕೂಸಿನ ತಲೆಗೆ ಹಾಕುವ ಕುಲಾಯಿ, ಕುಂಚಿಗೆ ಹಿಡಿದು ಇಲ್ಲಿಗೇ ಬಂದರು. ಕೂಸು ನೋಡಿದ್ದು ಐದು ನಿಮಿಷ. ಎಂಟನೇ ತರಗತಿ ಮುಗಿಸಿ ಒಂಬತ್ತಕ್ಕೆ ಬಾರದೆ ನಿಂತ ಹುಡುಗಿಯರ ಯಾದಿ ಮಾಡಿದ್ದು ಎರಡು ತಾಸು. ಅಜ್ಜಿ ಅಳವಿ ಪಾಯಸ ಕೊಟ್ಟು ಕೊಟ್ಟು ಸುಸ್ತಾದಳು.

ಇನ್ನು ಮುಖ್ಯ ಮಾತು. ಸೆಪ್ಟೆಂಬರ್ ಕೊನೆಗೆ ನೀವು ಮುಖ್ಯಾಧ್ಯಾಪಕಿ ಹುದ್ದೆಯಿಂದ ನಿವೃತ್ತರಾಗುತ್ತೀರಿ. ನಿಮ್ಮ ನಂತರ ಶಾಲೆಯನ್ನು ನಾನು ನಡೆಸಬೇಕು ಎಂದು ಮಾರ್ಚಿನಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಮಗೆ ಹೇಳಿದ್ದೆ. ನೀವು ನಕ್ಕು, "ಮೊದಲ ಹಡಿ, ಆಮ್ಯಾಲೆ ನೋಡೂಣು" ಅಂದಿದ್ದಿರಿ. ಈಗ ಹಡೆದಾಗಿದೆ. ನೋಡುವುದು ಯಾವಾಗ?

ಇಲ್ಲೇ ಸಮೀಪದ ಗಬ್ಬೂರದಿಂದ ದಿನಾ ಧಾರವಾಡಕ್ಕೆ, ಶಾಲೆಗೆ ಬರುವ ನಮ್ಮ ಹಾಜರಾಬಿ ಇದನ್ನು ತಲುಪಿಸುತ್ತಾಳೆ. ಉತ್ತರವನ್ನೂ ಅವಳ ಕೈಯಲ್ಲೇ ಕೊಡಿ.

ನಿಮ್ಮ
ಸುರಭಿ


ಧಾರವಾಡ
೨೦ ಜೂನ್ ೨೦೨೫

ಪ್ರಿಯ ಸುರಭಿ,

ನಿನ್ನ ಪತ್ರ ಓದಿ ಸಂತೋಷವಾಯಿತು. ದೇವರು ತಾಯಿ ಮಗಳನ್ನು ಚೆನ್ನಾಗಿಟ್ಟಿರಲಿ. ನಿನ್ನ ಅಜ್ಜಿಯ ಮಾತು ಕೇಳು. ಈ ದಿನಗಳಲ್ಲಿ ಬೆನ್ನಿಗೆ ಆದದ್ದು ಜನ್ಮವಿಡೀ ಉಳಿಯುತ್ತದೆ.

ಶಾಲೆ ನಡೆದಿದೆ. ನಿನ್ನ ಗಣಿತದ ತರಗತಿಗಳನ್ನು ಋತುಜಾ ತೆಗೆದುಕೊಂಡಿದ್ದಾಳೆ. ಒಂಬತ್ತನೇ ತರಗತಿಯವರು ಅವಳನ್ನು "ಸುರಭಿ ಬಾಯಾರು ಹಿಂಗ ಹೇಳಿಕೊಡ್ತಿದ್ದಿಲ್ರಿ" ಎಂದು ಕಾಡುತ್ತಾರೆ. ಅವಳು ತಡೆದುಕೊಂಡಿದ್ದಾಳೆ.

ಹನ್ನೊಂದು ಮಂದಿಯನ್ನು ಕೂಡಿಸಿ ಎರಡು ತಾಸು ಕೂರುವುದು ನನಗೇನೂ ಸರಿ ಕಾಣಲಿಲ್ಲ. ಕುರ್ಚಿಯ ಚಿಂತೆ ಈಗ ಬೇಡ, ಅದು ಓಡಿ ಹೋಗುವುದಿಲ್ಲ. ನಮ್ಮ ಸಂಸ್ಥೆಯ ಕಾರ್ಯದರ್ಶಿ ಪಂಢರಿನಾಥರು ಮೊನ್ನೆ ಬಂದಿದ್ದರು, ಅದೂ ಇದೂ ಮಾತಾಡಿ ಹೋದರು. ಕೂಸಿಗೆ ಒಂದು ಫ್ಲಾನೆಲ್ ಬಟ್ಟೆ ಕಳಿಸಿದ್ದೇನೆ. ಚೆನ್ನಾಗಿ ನಿದ್ದೆ ಮಾಡು.

ಡೋರಾ ಪ್ರಭುದಾಸ


ಹುಬ್ಬಳ್ಳಿ
೧೪ ಜುಲೈ ೨೦೨೫

ಡೋರಾ ಬಾಯಿಯವರಿಗೆ,

ಮೊಬೈಲು ಕೈಗೆ ಬಂದು ವಾರವಾಯಿತು. ಆದರೂ ಬರೆಯುತ್ತಿದ್ದೇನೆ, ಈ ಮನೆಯಲ್ಲಿ ಫೋನಿನಲ್ಲಿ ಆಡಿದ ಮಾತು ಅಡುಗೆಮನೆಯ ತನಕ ಕೇಳುತ್ತದೆ. ಫ್ಲಾನೆಲ್ ಬಹಳ ಮೆತ್ತಗಿದೆ, ಕೂಸು ಅದರಲ್ಲೇ ಮಲಗುತ್ತಾಳೆ. ಅವಳು ಮಲಗಿದಾಗ ನಾನೂ ಮಲಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಮಲಗಿ ಸೂರು ನೋಡುತ್ತೇನೆ.

ಈ ಸಲದ ಎರಡನೇ ಶನಿವಾರ ಹದಿನೇಳು ಮಂದಿ ಬಂದಿದ್ದರು. ನಮ್ಮ ಸಂಸ್ಥೆಯದೇ ಹುಬ್ಬಳ್ಳಿಯ ಪ್ರಾಥಮಿಕ ಶಾಲೆಯಿಂದ ಭಾಗ್ಯಾ ಎಂಬ ಹೊಸ ಶಿಕ್ಷಕಿಯೂ ಬಂದಿದ್ದಳು, ಚುರುಕು ಹುಡುಗಿ. ಜೂನಿನಲ್ಲಿ ಮಾಡಿದ ಯಾದಿಯ ಒಂಬತ್ತು ಹುಡುಗಿಯರಲ್ಲಿ ನಾಲ್ವರು ಶಾಲೆಗೆ ಮರಳಿದ್ದಾರೆ. ನಾನು ಹಾಸಿಗೆ ಬಿಟ್ಟು ಏಳದೆ ಆದ ಕೆಲಸ ಇದು, ಸ್ವಲ್ಪ ಹೊಗಳಿಕೊಳ್ಳುತ್ತೇನೆ.

ಸಂಸ್ಥೆಯಿಂದ ಯಾವುದಾದರೂ ಸುತ್ತೋಲೆ ಬಂದಿದೆಯೇ? ಬಂದಿದ್ದರೆ ತಿಳಿಸಿ. ರಜೆಯ ಮೇಲಿದ್ದರೂ ನಾನು ಶಾಲೆಯವಳೇ. ಮತ್ತೊಮ್ಮೆ ಕೇಳುತ್ತೇನೆ, ಬಂದಿದ್ದರೆ ತಿಳಿಸಿ.

ಸುರಭಿ


ಧಾರವಾಡ
೧೯ ಜುಲೈ ೨೦೨೫

ಪ್ರಿಯ ಸುರಭಿ,

ನಾಲ್ವರು ಹುಡುಗಿಯರು ಮರಳಿದ್ದು ದೊಡ್ಡ ಕೆಲಸ. ಆದರೆ ನಿದ್ದೆ ಬರದಿರುವುದು ನನಗೆ ಸೇರಲಿಲ್ಲ. ಇಷ್ಟು ಜನ ಬಂದು ಹೋಗುವುದರಿಂದಲೇ ಅದು. ತಲೆಯಲ್ಲಿ ಶಾಲೆ ತುಂಬಿಕೊಂಡರೆ ಹಾಲು ಕಡಿಮೆಯಾಗುತ್ತದೆ, ಅನುಭವದಿಂದ ಹೇಳುತ್ತೇನೆ.

ನೀನು ನೋಡಬೇಕಾದಂಥ ಸುತ್ತೋಲೆ ಏನೂ ಬಂದಿಲ್ಲ.

ಗೋಡಂಬಿ ಹಾಕಿದ ಅಂಟಿನ ಉಂಡಿ ಕಳಿಸಿದ್ದೇನೆ. ನಾನೇ ಕಟ್ಟಿದ್ದು, ಆಕಾರ ನೋಡಬೇಡ.

ಡೋರಾ ಪ್ರಭುದಾಸ


ಹುಬ್ಬಳ್ಳಿ
೧೧ ಆಗಸ್ಟ್ ೨೦೨೫

ಮುಖ್ಯಾಧ್ಯಾಪಕಿಯವರಿಗೆ,

ಮುಖ್ಯಾಧ್ಯಾಪಕಿ ಹುದ್ದೆಗೆ ನನ್ನ ಅರ್ಜಿ ಇದರ ಜೊತೆಗಿದೆ. ಅರ್ಜಿ ಶಾಲೆಯ ಮುಖ್ಯಸ್ಥರ ಮೂಲಕವೇ ಹೋಗಬೇಕು ಎಂದು ಸುತ್ತೋಲೆಯಲ್ಲಿರುವುದರಿಂದ ನಿಮಗೆ ಕಳಿಸುತ್ತಿದ್ದೇನೆ. ಕೊನೆಯ ದಿನಾಂಕ ಹದಿನಾಲ್ಕು. ದಯವಿಟ್ಟು ಸಹಿ ಮಾಡಿ ಮುಂದಕ್ಕೆ ಕಳಿಸಬೇಕು.

ಜುಲೈ ಒಂದರ ಸುತ್ತೋಲೆ ಭಾಗ್ಯಾಳ ಶಾಲೆಯ ಬೋರ್ಡಿನ ಮೇಲೆ ಹಚ್ಚಿತ್ತು. ಜುಲೈ ಹನ್ನೆರಡಕ್ಕೇ ಅವಳು ಹೇಳಿದಳು. ಹದಿನಾಲ್ಕಕ್ಕೆ ನಿಮ್ಮನ್ನು ಎರಡು ಸಲ ಕೇಳಿದೆ. ನೀವೇ ಹೇಳುತ್ತೀರಿ ಎಂದು ತಿಂಗಳು ಕಾದೆ. ಮೊನ್ನೆ ಶನಿವಾರ ಅವಳು ಅದರ ನಕಲು ತಂದುಕೊಟ್ಟಳು.

ಈ ಹುದ್ದೆಗೆ ನಿಮಗೆ ಋತುಜಾ ಬೇಕಾಗಿದ್ದರೆ ನೇರ ಹೇಳಬಹುದಿತ್ತು. ಎಂಟನೇ ತರಗತಿಯಿಂದ ನಿಮ್ಮ ಕೈಯಲ್ಲಿ ಕಲಿತವಳು ನಾನು. ಬೈಸಿಕೊಂಡದ್ದು ಎಷ್ಟೋ ಸಲ, ಸುಳ್ಳು ಹೇಳಿಸಿಕೊಂಡದ್ದು ಇದೇ ಮೊದಲು. ಬಹಳ ನೋವಾಗಿದೆ.

ಸುರಭಿ ದೇಸಾಯಿ
ಸಹಶಿಕ್ಷಕಿ, ಗಣಿತ


ಧಾರವಾಡ
೧೨ ಆಗಸ್ಟ್ ೨೦೨೫

ಪ್ರಿಯ ಸುರಭಿ,

ನಿನ್ನ ಅರ್ಜಿ ಇಂದೇ ಕಳಿಸಿದ್ದೇನೆ. ಋತುಜಾಳದೂ ಹೋಗಿದೆ. ಸಂದರ್ಶನ ಆಗಸ್ಟ್ ಮೂವತ್ತು, ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ, ಧಾರವಾಡದಲ್ಲಿ ಸಂಸ್ಥೆಯ ಕಚೇರಿಯಲ್ಲಿ. ಅಭ್ಯರ್ಥಿಗಳು ಖುದ್ದಾಗಿ ಬರಬೇಕು.

ಋತುಜಾಳ ಮಾತು ನೀನು ತಿಳಿದಂತೆ ಇಲ್ಲ. ಅಂದು ಕೂಸಿಗೆ ಮೂರು ತಿಂಗಳಾಗಿರುತ್ತದೆ ಅಷ್ಟೇ. ವಿಚಾರ ಮಾಡು.

ಡೋರಾ ಪ್ರಭುದಾಸ


ಹುಬ್ಬಳ್ಳಿ
೩೧ ಆಗಸ್ಟ್ ೨೦೨೫

ಡೋರಾ ಬಾಯಿಯವರಿಗೆ,

ಸಂದರ್ಶನ ಸಮಿತಿಯಲ್ಲಿ ನಿವೃತ್ತರಾಗುವವರು ಕೂರುವಂತಿಲ್ಲವಾದ್ದರಿಂದ ನೀವು ನಿನ್ನೆ ಅಲ್ಲಿ ಇರಲಿಲ್ಲ. ಏನಾಯಿತೆಂದು ನಾನೇ ತಿಳಿಸುತ್ತೇನೆ.

ಬಾಣಂತಿ ಐದು ತಿಂಗಳ ತನಕ ಊರು ದಾಟಬಾರದು ಎಂದು ಅಜ್ಜಿ ಮೂರು ದಿನ ಹಟ ಹಿಡಿದಿದ್ದಳು. ನಾನು ಹೋಗುವವಳೇ ಎಂದು ಖಾತ್ರಿಯಾದ ಮೇಲೆ ತಾನೇ ಮೊದಲು ಹೋಗಿ ಕಾರಿನಲ್ಲಿ ಕೂತಳು. "ನೀ ಮಾತಾಡೂ ಹೊತ್ತಿನ್ಯಾಗ ಕೂಸಿನ್ನ ಯಾರ ಹಿಡೀಬೇಕು?" ಅಂದಳು. ನನ್ನ ಯಜಮಾನರು ಸುಶ್ರುತ ಕಾರು ನಡೆಸಿದರು. ಒಳಗೆ ಐದು ಮಂದಿ, ಐವರೂ ಗಂಡಸರು. ಹತ್ತು ನಿಮಿಷ ಗಣಿತದ ಫಲಿತಾಂಶ, ಶಾಲೆ ಬಿಟ್ಟ ಹುಡುಗಿಯರ ವಿಷಯ ನಡೆಯಿತು. ಅಷ್ಟರಲ್ಲಿ ಹೊರಗೆ ಕೂಸು ಅತ್ತಿತು. ಐವರೂ ಒಮ್ಮೆಲೇ ಕಾಗದ ನೋಡತೊಡಗಿದರು. ನಾನು ಹತ್ತು ನಿಮಿಷ ಕೇಳಿಕೊಂಡು ಹೋಗಿ, ಹಾಲು ಕುಡಿಸಿ ಬಂದು ಕೂತೆ.

ಆಮೇಲೆ ಪಂಢರಿನಾಥರು ಒಂದು ಕಾಗದ ತೆಗೆದು ಓದಿದರು. "ಸುರಭಿ ದೇಸಾಯಿ. ಅರ್ಹಳು. ಸದ್ಯ ಬಾಣಂತಿ, ತೊಂದರೆ ಕೊಡಬಾರದು." ಜೂನ್ ಹದಿನೆಂಟರ ತಾರೀಖು. ಹುದ್ದೆಗೆ ಯಾರು ತಕ್ಕವರೆಂದು ಅವರು ನಿಮ್ಮನ್ನು ಕೇಳಿದಾಗ ನೀವು ಬರೆದುಕೊಟ್ಟ ಯಾದಿಯಂತೆ. ನನ್ನ ಹೆಸರಿನ ಮೇಲೆ ಅಡ್ಡಗೆರೆ ಇತ್ತು. ಅಕ್ಷರ ನಿಮ್ಮವೇ, ಕೇಳಬೇಕಾಗಲಿಲ್ಲ.

"ನಿಮ್ಮ ಹೆಡ್‌ಬಾಯಾರು ಹಿಂಗ ಬರದಾರ. ಇದಕ್ಕೇನಂತೀರಿ?" ಅಂದರು.

"ಅರ್ಹಳು ಅಂತ ಬರದದ್ದು ಖರೇ ಅದರೀ. ಉಳಿದದ್ದು ನನ್ನ ಕೇಳಿ ಬರದದ್ದಲ್ಲ" ಅಂದೆ.

ಜೂನ್ ಹದಿನೆಂಟು! ನನ್ನ ಮೊದಲ ಪತ್ರವನ್ನು ಹಾಜರಾಬಿ ನಿಮ್ಮ ಕೈಗಿಟ್ಟ ದಿನವೇ ಅದು. ನಾನು ಕುರ್ಚಿ ಬೇಕೆಂದು ಬರೆದದ್ದನ್ನು ಓದಿ, ಅದೇ ದಿನ ನನ್ನ ಹೆಸರಿಗೆ ಗೆರೆ ಎಳೆದಿರಿ. ನಿಮಗೆ ಋತುಜಾ ಬೇಕು ಎಂದುಕೊಂಡಿದ್ದೆ. ಹಾಗಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಇದು ಅದಕ್ಕಿಂತ ಕೆಟ್ಟದ್ದು. ನನ್ನ ಪರವಾಗಿ ನೀವೇ ಒಲ್ಲೆ ಅಂದುಬಿಟ್ಟಿರಿ. ನಿಮ್ಮ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ನನಗೇ ಗೊತ್ತಿರಲಿಲ್ಲ.

ಸುರಭಿ


ಧಾರವಾಡ
೬ ಸೆಪ್ಟೆಂಬರ್ ೨೦೨೫

ಸುರಭಿ,

ನೀನು ಬರೆದದ್ದು ಸರಿ. ಸುತ್ತೋಲೆ ಬಂದಿಲ್ಲ ಎಂದದ್ದು ಸುಳ್ಳು. ಅದು ನನ್ನ ಮೇಜಿನ ಖಾನೆಯಲ್ಲಿತ್ತು. ತಪ್ಪಾಯಿತು. ಏಕೆ ಹಾಗೆ ಮಾಡಿದೆನೆಂದು ಹೇಳಬೇಕು. ನೀನು ಕ್ಷಮಿಸಬೇಕೆಂದು ಹೇಳುತ್ತಿಲ್ಲ.

೧೯೯೬ರಲ್ಲಿ ನನ್ನ ಮ್ಯಾಥ್ಯೂ ಇಪ್ಪತ್ತಾರು ದಿನದ ಕೂಸಾಗಿದ್ದಾಗ ಶಾಲೆಗೆ ತಪಾಸಣೆ ಬಂತು. ಆಗಿನ ಹೆಡ್‌ಮಾಸ್ತರರು ಸಿಪಾಯಿಯ ಕೈಯಲ್ಲಿ ಚೀಟಿ ಕಳಿಸಿದರು: ನಾಳೆ ಹಾಜರಾಗಬೇಕು. ರಜೆ ಇತ್ತು, ಆದರೆ ಒಲ್ಲೆ ಅನ್ನಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಕೂಸನ್ನು ಅವ್ವನ ಹತ್ತಿರ ಬಿಟ್ಟು ಹೋದೆ. ಮೂರು ದಿನ, ಬೆಳಗಿನಿಂದ ಸಂಜೆಯ ತನಕ. ಬೋರ್ಡಿನ ಮುಂದೆ ನಿಂತಾಗ ಕುಪ್ಪಸ ಹಾಲಿನಿಂದ ತೊಯ್ದಿತು, ಸೆರಗು ಹೊದ್ದು ಪಾಠ ಮಾಡಿದೆ. ಮೂರನೇ ಸಂಜೆ ಮ್ಯಾಥ್ಯೂ ನನ್ನ ಹಾಲು ಮುಟ್ಟಲಿಲ್ಲ. ಬಾಟಲಿಗೆ ಹೊಂದಿಕೊಂಡುಬಿಟ್ಟಿದ್ದ. ಆಮೇಲೆ ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ. ತಪಾಸಣೆಯ ವರದಿಯಲ್ಲಿ ನನ್ನ ಪಾಠಕ್ಕೆ ಉತ್ತಮ ಎಂದು ಬರೆದಿದ್ದರು.

ಮುಂದೆ ನಾನೇ ಆ ಕುರ್ಚಿಗೆ ಬಂದ ದಿನ, ಯಾವ ಬಾಣಂತಿಯನ್ನೂ ಕರೆಸುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ. ನಿನ್ನ ಪತ್ರ ಓದಿದ ದಿನ ನನಗೆ ಕಂಡದ್ದು ಕುರ್ಚಿ ಬೇಡುವ ಸುರಭಿ ಅಲ್ಲ, ಸೆರಗು ಹೊದ್ದು ನಿಂತ ನಾನು. ಅದಕ್ಕೇ ಗೆರೆ ಎಳೆದೆ.

ನಿನ್ನ ಪತ್ರ ಬಂದ ಮೇಲೆ ಹಳೆಯ ಕಡತಗಳನ್ನು ತೆಗೆಸಿದೆ. ಹದಿನಾಲ್ಕು ವರ್ಷದಲ್ಲಿ ಇನ್ನೂ ಮೂವರ ಹೆಸರಿನ ಮುಂದೆ ಇದೇ ಮಾತು ಬರೆದಿದ್ದೇನೆ. ಒಬ್ಬಳಿಗೆ ತರಬೇತಿ ತಪ್ಪಿದೆ, ಇಬ್ಬರಿಗೆ ಬಡ್ತಿ ತಪ್ಪಿದೆ. ಮೂವರೂ ನನಗೆ ಹೂವು ಕೊಟ್ಟು ನಮಸ್ಕಾರ ಮಾಡಿ ಹೋಗಿದ್ದಾರೆ, ಏಕೆಂದರೆ ಅವರಿಗೆ ಗೊತ್ತೇ ಇಲ್ಲ. ಅವರಲ್ಲಿ ಯಾರು ಹೂಂ ಅನ್ನುತ್ತಿದ್ದರು, ಯಾರು ಒಲ್ಲೆ ಅನ್ನುತ್ತಿದ್ದರು ಎಂದು ಈಗ ನನಗೂ ಗೊತ್ತಾಗುವುದಿಲ್ಲ.

ಆ ಬರಹವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಸಮಿತಿಗೆ ನಿನ್ನೆ ಲಿಖಿತವಾಗಿ ಕೊಟ್ಟೆ.

ಡೋರಾ


ಧಾರವಾಡ
೨೦ ಸೆಪ್ಟೆಂಬರ್ ೨೦೨೫

ಸುರಭಿ,

ಹೋದ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದೇನೂ ಇಲ್ಲ. ಇದು ಕೆಲಸದ ಪತ್ರ.

ನಿನ್ನೆ ಸಮಿತಿ ನಿನ್ನನ್ನು ಆರಿಸಿದೆ. ಮೂವರು ನಿನ್ನ ಪರ, ಇಬ್ಬರು ಋತುಜಾಳ ಪರ. ಆದರೆ ಒಂದು ಶರತ್ತು ಹಾಕಿದ್ದಾರೆ: ಅಕ್ಟೋಬರ್ ಒಂದಕ್ಕೆ ಅಧಿಕಾರ ವಹಿಸಿಕೊಳ್ಳಬೇಕು, ಇಲ್ಲದಿದ್ದರೆ ಹುದ್ದೆ ಋತುಜಾಳಿಗೆ. ನಿನ್ನ ರಜೆ ನವೆಂಬರ್ ಇಪ್ಪತ್ಮೂರರ ತನಕ ಇದೆ ಎಂದು ಅವರಿಗೆ ಗೊತ್ತು.

"ನೀವಽ ಹೇಳಿಬಿಡ್ರಿ, ಆಕಿ ಏನಂತಾಳ?" ಎಂದು ಪಂಢರಿನಾಥರು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ, ಆಕೆಯನ್ನೇ ಕೇಳಬೇಕು ಅಂದೆ. ಕೇಳುತ್ತಿದ್ದೇನೆ. ಈ ಸಲ ನನ್ನ ಸಲಹೆ ಏನೂ ಇಲ್ಲ.

ಡೋರಾ


ಹುಬ್ಬಳ್ಳಿ
೨೨ ಸೆಪ್ಟೆಂಬರ್ ೨೦೨೫

ಡೋರಾ ಬಾಯಿಯವರಿಗೆ,

ನನ್ನ ಉತ್ತರ ಕೆಳಗಿದೆ. ಸಮಿತಿಯ ಮುಂದೆ ಇದನ್ನು ಒಂದಕ್ಷರ ತಿದ್ದದೆ ಓದಬೇಕು.

ಹುದ್ದೆ ನನಗೆ ಬೇಕು. ರಜೆಯೂ ಬೇಕು. ಇಪ್ಪತ್ತಾರು ವಾರ ಕಾಯಿದೆ ಕೊಟ್ಟದ್ದು, ಸಮಿತಿ ಕೊಟ್ಟದ್ದಲ್ಲ. ಅದನ್ನು ಬಿಟ್ಟುಕೊಡು ಎಂದು ಶರತ್ತು ಹಾಕುವಂತಿಲ್ಲ. ನವೆಂಬರ್ ಇಪ್ಪತ್ನಾಲ್ಕು, ಸೋಮವಾರ ನಾನು ಅಧಿಕಾರ ವಹಿಸಿಕೊಳ್ಳುತ್ತೇನೆ. ಅಲ್ಲಿಯ ತನಕ ಋತುಜಾ ಪ್ರಭಾರ ನೋಡಿಕೊಳ್ಳಲಿ. ಬೇರೆ ಮೂರು ಶಾಲೆಗಳಲ್ಲಿ ಹೀಗೆಯೇ ಪ್ರಭಾರ ಕೊಟ್ಟ ಆದೇಶಗಳ ನಕಲು ಜೊತೆಗಿವೆ.

ಇಷ್ಟನ್ನು ಓದಿದರೆ ಸಾಕು, ಉಳಿದದ್ದು ನಿಮಗೆ. ಈ ನಕಲುಗಳನ್ನು ನಾನು ಹುಡುಕಲಿಲ್ಲ. ಹೀಗೊಂದು ಶರತ್ತು ಬರಬಹುದು ಎಂದು ಹದಿಮೂರನೇ ತಾರೀಖಿನ ಶನಿವಾರವೇ ಬಳಗದವರು ಲೆಕ್ಕ ಹಾಕಿದ್ದರು. ವಾರದೊಳಗೆ ಮೂರೂ ಬಂದವು. ಹೆಬ್ಬಳ್ಳಿ ಗ್ರಾಮದ ಶಿಕ್ಷಕಿಯೊಬ್ಬರು ತಮ್ಮ ಶಾಲೆಯ ಆದೇಶವನ್ನು ಕುಂಚಿಗೆಯ ಚೀಲದಲ್ಲಿಟ್ಟು ತಂದರು. ಕೂಸಿಗೆ ಈಗ ಇಪ್ಪತ್ತೆರಡು ಕುಂಚಿಗೆಗಳಾಗಿವೆ.

ನಿನ್ನೆ ಋತುಜಾಳನ್ನು ನಾನೇ ಕರೆಸಿ ಕೇಳಿದೆ. ಹುದ್ದೆ ತಪ್ಪಿದ ಬೇಸರ ಅವಳಿಗೆ ಇದೆ, ಮುಚ್ಚಿಡಲಿಲ್ಲ. "ಎರಡು ತಿಂಗಳು ನಾ ಸಂಭಾಳಸ್ತೀನ್ರಿ. ಕುರ್ಚಿ ಗಟ್ಟಿ ಹಿಡ್ಕೋತೀನಿ ಅಂತ ಅಂಜಿಕಿ ಅದ ಏನು?" ಎಂದು ಕೇಳಿದಳು. ಅದ ಅಂದೆ. ಇಬ್ಬರೂ ನಕ್ಕೆವು. ಅಂಜಿಕೆ ಹೋಗಿಲ್ಲ.

ನಿಮ್ಮ ೧೯೯೬ರ ಮಾತು ಓದಿ ಅತ್ತೆ. ಆದರೂ ಸಿಟ್ಟು ಇಳಿಯಲಿಲ್ಲ. ಎರಡೂ ಒಟ್ಟಿಗೇ ಇವೆ, ಅದಕ್ಕೇ ಉತ್ತರ ಬರೆಯಲಾಗಲಿಲ್ಲ.

ಸುರಭಿ


ಧಾರವಾಡ
೩೦ ಸೆಪ್ಟೆಂಬರ್ ೨೦೨೫

ಸುರಭಿ,

ಇಪ್ಪತ್ತಾರರ ಸಭೆಯಲ್ಲಿ ತಿದ್ದದೆ ಓದಿದೆ. ಒಬ್ಬ ಸದಸ್ಯರು, ಇದೇನು ಬಾಣಂತಿ ನಮಗೆ ಆದೇಶ ಹೊರಡಿಸಿದಂತಿದೆಯಲ್ಲ ಅಂದರು. ಪಂಢರಿನಾಥರು ಮೂರೂ ನಕಲುಗಳನ್ನು ಎರಡೆರಡು ಸಲ ತಿರುವಿ, ಶರತ್ತನ್ನು ಹೊಡೆದುಹಾಕಿ ಸಹಿ ಮಾಡಿದರು. ಇಂದು ಸಂಜೆ ಋತುಜಾಳ ಕೈಗೆ ಬೀಗದ ಕೈ ಕೊಟ್ಟೆ. ಪ್ರಭಾರದ ಪುಸ್ತಕದಲ್ಲಿ "ಸುರಭಿ ದೇಸಾಯಿಯವರು ಹಾಜರಾಗುವವರೆಗೆ" ಎಂದು ನಾನೇ ಬರೆದೆ.

ಬೀಳ್ಕೊಡುಗೆ ಚೆನ್ನಾಗಿ ಆಯಿತು. ಶಾಲು, ಗಡಿಯಾರ, ಭಾಷಣಗಳು. ನೀನು ಬರುತ್ತೀಯೇನೋ ಎಂದು ಬಾಗಿಲು ನೋಡಿದೆ. ಬಾ ಎಂದು ನಾನು ಕರೆದಿರಲೂ ಇಲ್ಲ.

ಡೋರಾ


ಧಾರವಾಡ
೨೯ ನವೆಂಬರ್ ೨೦೨೫

ಡೋರಾ ಬಾಯಿಯವರಿಗೆ,

ಶಾಲೆಯಿಂದ ಬರೆಯುತ್ತಿದ್ದೇನೆ. ಸೋಮವಾರ ಋತುಜಾ ಬೀಗದ ಕೈ, ಎರಡು ತಿಂಗಳ ಕಡತ, ಕೆಟ್ಟ ಪಂಪಿನ ದೂರು ಎಲ್ಲವನ್ನೂ ಒಪ್ಪಿಸಿದಳು. ಚೆನ್ನಾಗಿ ನಡೆಸಿದ್ದಾಳೆ, ಅವಳ ಬಗ್ಗೆ ಅಂಜಿದ್ದಕ್ಕೆ ನಾಚಿಕೆಯಾಯಿತು. ಅಜ್ಜಿ ನಮ್ಮ ಧಾರವಾಡದ ಮನೆಗೇ ಬಂದಿದ್ದಾಳೆ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಮನೆಗೆ ಹೋಗಿ ಕೂಸಿಗೆ ಹಾಲು ಕುಡಿಸಿ ಬರುತ್ತೇನೆ. ಮೊದಲ ದಿನ ಹತ್ತು ನಿಮಿಷ ತಡವಾಯಿತು. ಹೆಡ್‌ಬಾಯಾರು ತಡ ಎಂದು ಎಂಟನೇ ತರಗತಿಯವರು ಗಡಿಯಾರ ತೋರಿಸಿದರು. ಐದು ದಿನದಲ್ಲಿ ಎರಡು ಸಲ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಆದರೂ ಈ ಕೆಲಸ ನನಗೆ ಬಹಳ ಸೇರಿದೆ.

ನಿಮ್ಮ ಮೇಲಿನ ಸಿಟ್ಟು ಪೂರಾ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬೀಳ್ಕೊಡುಗೆಗೆ ಬಾರದಿದ್ದದ್ದು ಮಾತ್ರ ನನ್ನ ತಪ್ಪು.

ಈಗ ಬರೆಯಲು ಕಾರಣ ಬೇರೆ ಇದೆ. ಎರಡನೇ ಶನಿವಾರದ ಬಳಗ ಮೂವತ್ತು ಮಂದಿಗೆ ಬೆಳೆದಿದೆ. ಶಾಲೆ ಮತ್ತು ಕೂಸು ಹಿಡಿದುಕೊಂಡು ಅದನ್ನೂ ನಡೆಸುವುದು ನನ್ನಿಂದ ಆಗುವುದಿಲ್ಲ, ಬೇರೆಯವರನ್ನು ಆರಿಸಿ ಎಂದು ಈ ತಿಂಗಳ ಸಭೆಯಲ್ಲಿ ಅಂದೆ. ನಾನು ನಿಮ್ಮ ಹೆಸರು ಹೇಳಿದೆ. ಎಲ್ಲರಿಗೂ ನೀವೆಂದರೆ ಗೌರವ. ಆದರೆ ಭಾಗ್ಯಾ, "ಬಾಯಾರು ಈಗಷ್ಟಽ ರಿಟೈರ್ ಆಗ್ಯಾರ. ಆರಾಮ ಇರ್ಲಿ, ಅವ್ರಿಗ್ಯಾಕ ತ್ರಾಸ ಕೊಡೂದು?" ಅಂದಳು. ಹೌದು ಹೌದು ಎಂದು ಮೂವತ್ತೂ ತಲೆಗಳು ಅಲ್ಲಾಡಿದವು. ಎಲ್ಲ ಪ್ರೀತಿಯಿಂದಲೇ. ಒಬ್ಬಳಂತೂ ನಿಮ್ಮ ಹೆಸರಿನ ಮೇಲೆ ಆಗಲೇ ಗೆರೆ ಎಳೆಯುತ್ತಿದ್ದಳು. ನಾನು ಅವಳ ಕೈಯಿಂದ ಪೆನ್ನು ತೆಗೆದುಕೊಂಡೆ.

ಡಿಸೆಂಬರ್ ಹದಿಮೂರು, ಶನಿವಾರ, ಸಂಜೆ ನಾಲ್ಕಕ್ಕೆ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಭೆ ಇದೆ. ಬಳಗ ನಡೆಸಲು ಬರುತ್ತೀರಾ? ಒಲ್ಲೆ ಅಂದರೂ ನಡೆದೀತು. ಆದರೆ ಅದನ್ನು ನೀವೇ ಹೇಳಬೇಕು.

ಸುರಭಿ